ತಿಳಿನೀಲಿಯಲ್ಲಿ ಸ್ಪೆಷಲ್ ಪ್ರೈಸ್

ಮೊದಲೇ ಹೇಳಿಬಿಡುತ್ತೇನೆ, ಪ್ರೇಮ ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಎಲ್ಲೋ ಅಂಬೆಗಾಲಿಡುತ್ತಿರಬೇಕು. ಈ ಕಥೆಯಲ್ಲಿ ಹೀರೋಗೆ ಎಂಟ್ರಿ ಇದೆ, ಹೀರೋಯಿನ್‌ಗೆ ಕ್ಲೋಸಪ್ ಇದೆ, ಕೊನೆಯಲ್ಲಿ ಹೊರಟ ಬಸ್ಸನ್ನು ನಿಲ್ಲಿಸುವ ಕ್ಲೈಮ್ಯಾಕ್ಸ್ ಕೂಡ ಇದೆ. ಫೈಟು ಮಾತ್ರ ಇಲ್ಲ, ಹೀರೋ ತೂಕ ಕಮ್ಮಿ. ಓದಿ ಮುಗಿಸುವಷ್ಟರಲ್ಲಿ ನಿಮ್ಮ ಕರ್ಚೀಫು ಒದ್ದೆಯಾಗದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ. ನನ್ನ ಹೆಸರೇನು ಅಂತ ಹೇಳುವುದಿಲ್ಲ, ಅದು ಬೇರೆ ವಿಷಯ.

ಹೀರೋ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಮನೆಯಲ್ಲಿ ಅಕ್ಕ ಮಾತ್ರ ಅವನನ್ನು ‘ಡೈಲಾಗು’ ಅನ್ನುತ್ತಿದ್ದಳು, ಯಾಕೆಂದರೆ ಅವನು ನೀರು ಕೇಳುವುದನ್ನೂ ಸಿನಿಮಾದ ಥರ ಕೇಳುತ್ತಿದ್ದ. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದರೆ ಎಷ್ಟು ಜಾಗವಾಗುತ್ತದೋ ಅಷ್ಟೇ ಅವನ ವರ್ಕ್‌ಶಾಪ್. ಅಲ್ಲಿ ಪೇಂಟ್ ಡಬ್ಬಿಗಳು, ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿಸಿದ ಹಲಗೆಗಳು. ಹಲಗೆ ಅವನದು, ಅಕ್ಷರ ಗಿರಾಕಿಯದು. ವ್ಯಾಪಾರ ಮುಗಿದ ಮೇಲೆ ಅಂಗಡಿಯವರು ಹಲಗೆ ವಾಪಸ್ ತಂದುಕೊಡಬೇಕು, ಅವನು ಬಿಳಿ ಬಳಿದು ಇನ್ನೊಬ್ಬರಿಗೆ ಇನ್ನೊಂದು ಅಕ್ಷರ ಬರೆಯಬೇಕು. ಅವನ ದಂಧೆ ನಡೆಯುತ್ತಿದ್ದದ್ದು ಹೀಗೆ.

ಅವಳು ಬಂದದ್ದು ಮಧ್ಯಾಹ್ನದ ಹೊತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು, ಕಾಲರಿನಲ್ಲಿ ಚುಚ್ಚಿಕೊಂಡ ಒಂದು ಸೂಜಿ. ಸಂದಿಯೊಳಕ್ಕೆ ಬಿಸಿಲು ಬೀಳುವುದೇ ಅಪರೂಪ, ಬಿದ್ದ ಒಂದಿಷ್ಟು ಬಿಸಿಲು ಹೋಗಿ ಹೋಗಿ ಆ ಸೂಜಿಯ ಮೇಲೆಯೇ ಕೂತಿತು. ಪೇಂಟರ್ ಕೈಯಲ್ಲಿದ್ದ ಬ್ರಷ್ಷು ಡಬ್ಬಿ ಬಿಟ್ಟು ಟೀ ಲೋಟಕ್ಕೆ ಇಳಿಯಿತು. ಅಪ್ಪಿಕೊಂಡರೆ ಚುಚ್ಚುತ್ತದಲ್ಲ ಎಂದು ಅವನು ಯೋಚಿಸಿದ, ಹೆಸರು ಕೇಳುವುದಕ್ಕೂ ಮೊದಲೇ.

ಬೀದಿಯ ಕೊನೆಯ ಗುಂಡಿ-ದಾರದ ಅಂಗಡಿ ತಮ್ಮದೆಂದಳು. ಬಾಗಿಲಿಗೆ ಒಂದು ಬೋರ್ಡು ಬೇಕು, ಇಂಗ್ಲಿಷಿನಲ್ಲಿ, ಜನ ಒಳಗೆ ಬರುವ ಹಾಗಿರಬೇಕು. ಆದರೆ ಅಪ್ಪನಿಗೆ ಅವಮಾನ ಆಗುವ ಹಾಗಿರಬಾರದು. ‘ಸೇಲ್’ ಅಂತ ಹಾಕಿದರೆ ಅಂಗಡಿಗೇ ಕಾಲಿಡುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದಾರಂತೆ. ಹೇಳುತ್ತಾ ಅವಳು ಗೋಡೆಗೆ ಒರಗಿದ್ದ ಹಲಗೆಗಳನ್ನು ನೋಡಿದಳು. ಇದ್ಯಾಕೆ ಬಿಳಿ ಹಲಗೆ ಗುಲಾಬಿಯಾಗಿದೆ ಎಂದು ಕೇಳಿದಳು.

"ಕೆಂಪಲ್ಲಿ ಬರೆದಿದ್ದೆ ಮೇಡಂ. ಕೆಂಪು ಹಂಗೆ. ಮೇಲೆ ಎಷ್ಟು ಕೋಟ್ ಬಿಳಿ ಬಳಿದ್ರೂ ಒಳಗಿಂದ ಇಣುಕುತ್ತೆ. ಸತ್ರೂ ಬಿಡಲ್ಲ ಅಂತ ಬಂದ ವಿಲನ್ ಥರ."

ಅವಳು ನಗಲಿಲ್ಲ, ಆದರೆ ನಗದಿರಲು ತುಟಿ ಕಚ್ಚಿದಳು. ನಮ್ಮವನಿಗೆ ಅಷ್ಟು ಸಾಕಾಗಿತ್ತು.

"ಆಫರ್‌ಗೂ ಡಿಸ್ಕೌಂಟ್‌ಗೂ ಏನು ವ್ಯತ್ಯಾಸ ಹೇಳಿ. ಎರಡೂ ಒಂದೇ ಅಲ್ವಾ?"

"ಎಲ್ಲಿಯ ಒಂದೇ. ಆಫರ್ ಅಂದ್ರೆ ಕಣ್ಣು ಹೊಡೆಯೋದು. ಡಿಸ್ಕೌಂಟ್ ಅಂದ್ರೆ ಕೈ ಹಿಡ್ಕೊಳ್ಳೋದು."

"ಸೇಲ್?"

"ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗೋದು."

"ಕ್ಲಿಯರೆನ್ಸ್?"

"ಕಾಲಿಗೆ ಬೀಳೋದು."

"ಕ್ಲೋಸಿಂಗ್ ಡೌನ್ ಅಂತಾನೂ ಇರುತ್ತಲ್ಲ."

"ಅದು ಕ್ಲೈಮ್ಯಾಕ್ಸ್ ಮೇಡಂ. ಆಮೇಲೆ ಲೈಟ್ ಹಾಕ್ತಾರೆ, ಜನ ಎದ್ದು ಹೋಗ್ತಾರೆ."

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಸದ್ಯಕ್ಕೆ ಕಣ್ಣು ಹೊಡೆದ್ರೆ ಸಾಕು" ಎಂದಳು. ಎಂದ ಮೇಲೆ ತಾನು ಏನಂದೆ ಎಂಬುದು ತಲೆಗೆ ಹತ್ತಿ, ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಟೀ ಲೋಟ ನೋಡಿದಳು. "ನಿಮ್ಮ ಟೀ ಹಸಿರಾಗಿದೆ ಪೇಂಟರೇ."

ಹಾಗೆ ‘ಆಫರ್’ ಹುಟ್ಟಿತು. ಯಾವ ಬಣ್ಣ ಎಂದರೆ ನೀಲಿ ಎಂದಳು, ಅಪ್ಪನಿಗೆ ಸಮಾಧಾನ ಕೊಡುವ ಬಣ್ಣವಂತೆ. ತಲೆಗೆ ಹಾಕುವ ಎಣ್ಣೆಯ ಜಾಹೀರಾತಿಗೆ ಬಿಟ್ಟರೆ ನೀಲಿ ಬೇರೆ ಯಾವುದಕ್ಕೂ ಆಗಿಬರುವುದಿಲ್ಲ ಎಂದು ಪೇಂಟರಿಗೆ ಗೊತ್ತಿತ್ತು. ಆದರೂ ಬರೆದ. ಆ ಐದು ಇಂಗ್ಲಿಷ್ ಅಕ್ಷರಗಳಿಗೆ ಅವನು ಕೊಟ್ಟ ಬಾಗು ಬಳುಕು ನೋಡಿದ್ದರೆ ಮದುವೆ ಕಾರ್ಡಿನವರು ಕಾಲು ಹಿಡಿಯುತ್ತಿದ್ದರು.

ಬೋರ್ಡು ನೇತುಹಾಕಲು ಅವನೇ ಹೋದ. ಸಾಮಾನ್ಯವಾಗಿ ಹೋಗುವವನಲ್ಲ. ಅಂಗಡಿ ಉದ್ದಕ್ಕೆ ಸುರಂಗದ ಹಾಗಿತ್ತು. ಗೋಡೆಯ ತುಂಬ ಪುಟ್ಟ ಪುಟ್ಟ ಮರದ ಡ್ರಾಯರುಗಳು, ಒಳಗೆ ಯಾವ ಗುಂಡಿ ಇದೆಯೋ ಅದರದೊಂದನ್ನು ಪ್ರತಿ ಡ್ರಾಯರಿನ ಮುಖಕ್ಕೂ ಅಂಟಿಸಿದ್ದರು. ಸಾವಿರ ಕಣ್ಣುಗಳು ಒಟ್ಟಿಗೆ ನೋಡಿದ ಹಾಗಾಯಿತು ಅವನಿಗೆ. ಅವಳ ಅಪ್ಪ ಕನ್ನಡಕ ಏರಿಸಿ ಬೋರ್ಡನ್ನು ಓದಿದರು, ಬೀದಿಗಿಳಿದು ದೂರದಿಂದ ಇನ್ನೊಮ್ಮೆ ಓದಿದರು, ಮರ್ಯಾದಸ್ಥ ಅಕ್ಷರ ಎಂದರು. ಅಂದಿನಿಂದ ಅವರಿಗೆ ಪೇಂಟರನ ಮಾತೆಂದರೆ ಅಷ್ಟು ನಂಬಿಕೆ.

ಅವತ್ತು ಅವನು ಶಿಳ್ಳೆ ಹಾಕುತ್ತಾ ಮನೆಗೆ ಬಂದ. ಅಕ್ಕ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಇಡೀ ಬೀದಿಯ ಬಟ್ಟೆ ಅವಳ ಕೈಯಲ್ಲಿ ಹೊಲಿಸಿಕೊಳ್ಳುತ್ತಿತ್ತು, ಬಟ್ಟೆಯ ಜತೆ ಸುದ್ದಿಯೂ ಬರುತ್ತಿತ್ತು. ಯಾವ ಅಂಗಡಿ ಎಂದು ಕೇಳಿದಳು, ಅವನು ಹೇಳಿದ, ಮಿಷನ್ ನಿಂತಿತು.

"ಅವರು ಹೋಗೋರು ಕಣೋ. ಕಟ್ಟಡದವನು ಜಾಗ ಕೇಳ್ತಿದಾನೆ, ಫೋನ್ ಅಂಗಡಿಗೆ ಕೊಡ್ತಾನಂತೆ. ಸರಕು ಖಾಲಿಯಾದ ತಕ್ಷಣ ದೊಡ್ಡ ಮಗಳ ಊರಿಗೆ. ನೀನು ಸುಮ್ನೆ ಮನಸ್ಸಲ್ಲಿ ಡ್ಯುಯೆಟ್ ಹಾಡ್ಕೋಬೇಡ."

ಅಕ್ಕ ಮತ್ತೆ ಮಿಷನ್ ತುಳಿದಳು. ಅವಳ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ. ಸರಕು ಖಾಲಿಯಾದ ತಕ್ಷಣ. ಅಂದರೆ ಡ್ರಾಯರುಗಳಲ್ಲಿ ಗುಂಡಿ ಇರುವ ತನಕ ಅವಳು ಇಲ್ಲಿರುತ್ತಾಳೆ. ಆ ರಾತ್ರಿ ಊಟ ಸೇರಲಿಲ್ಲ.

ಆಫರ್‌ಗೆ ಯಾರೂ ಬರಲಿಲ್ಲ. ಅವಳು ಬಂದು ಡಿಸ್ಕೌಂಟ್ ಬರೆಸಿಕೊಂಡು ಹೋದಳು, ಅದಕ್ಕೂ ನಾಲ್ಕು ಜನ ಬಂದು ರಿಬ್ಬನ್ ಮುಟ್ಟಿ ನೋಡಿ ಹೊರಟರು. ಪ್ರತಿ ಸಲ ಅವಳು ಸಂದಿಯ ಬಾಯಲ್ಲಿ ಕಾಣಿಸಿಕೊಂಡಾಗ ಪೇಂಟರನ ಎದೆ ಎರಡು ಕೆಲಸ ಮಾಡುತ್ತಿತ್ತು, ಕುಣಿಯುತ್ತಿತ್ತು ಮತ್ತು ಕುಸಿಯುತ್ತಿತ್ತು. ಅವಳು ಕೇಳುವ ಒಂದೊಂದು ಪದವೂ ಕೆಳಕ್ಕಿಳಿಯುವ ಮೆಟ್ಟಿಲು. ಮೆಟ್ಟಿಲುಗಳಿಗೆ ಬಣ್ಣ ಬಳಿಯುತ್ತಿದ್ದವನು ಅವನೇ.

ಆಮೇಲೆ ಆ ದಿನ ಬಂತು. ಅವಳು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಮೇಲೆ ಕೂತ ಧೂಳನ್ನು ತನ್ನ ತೋಳಿನಿಂದಲೇ ಒರೆಸಿ ಕೊಟ್ಟಳು. ಅಪ್ಪನನ್ನು ಹೇಗೋ ಒಪ್ಪಿಸಿದ್ದಳಂತೆ. ಸೇಲ್ ಆಗಲಿ, ಕ್ಲಿಯರೆನ್ಸ್ ಆಗಲಿ, ಕ್ಲೋಸಿಂಗ್ ಡೌನ್ ಆಗಲಿ, ಪೇಂಟರ್ ಯಾವುದು ಸರಿ ಅನ್ನುತ್ತಾರೋ ಅದು ಎಂದಿದ್ದರಂತೆ ಅಪ್ಪ. ಕಣ್ಣಿನ ಕೆಳಗೆ ಕಪ್ಪಾಗಿದ್ದರೂ ಅವಳು ಅವತ್ತು ಯಾಕೋ ಮಿಂಚುತ್ತಿದ್ದಳು. ಏನನ್ನೋ ಹೊಟ್ಟೆಯಲ್ಲಿಟ್ಟುಕೊಂಡು ಕಷ್ಟಪಡುವ ಮಗುವಿನ ಹಾಗೆ.

"ಈ ಸಲ ವ್ಯಾಪಾರ ಆಗಲೇಬೇಕು ಪೇಂಟರೇ. ಆದ್ರೆ ನಿಮಗೊಂದು ವಿಷಯ ಹೇಳ್ತೀನಿ."

"ಈಗಲೇ ಹೇಳಿ."

"ಊಹೂಂ. ಆದ್ಮೇಲೆ."

ಅವನು ಆ ವಿಷಯವನ್ನು ತಾನೇ ಊಹಿಸಿಕೊಂಡ. ಹೋಗಿಬರುತ್ತೇನೆ ಎನ್ನುತ್ತಾಳೆ, ಇನ್ನೇನು. ದೊಡ್ಡ ಮಗಳ ಊರಿನಲ್ಲಿ ಯಾವನೋ ಒಬ್ಬ ಕಾದಿರುತ್ತಾನೆ, ಒಳ್ಳೆ ಕೆಲಸದಲ್ಲಿರುತ್ತಾನೆ, ಉಗುರಿನ ಸಂದಿಯಲ್ಲಿ ಪೇಂಟು ಇರುವುದಿಲ್ಲ.

ಯಾವ ಪದಕ್ಕೆ ಜನ ಬರುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ಲೋಸಿಂಗ್ ಡೌನ್, ಹಳದಿಯ ಮೇಲೆ ಕೆಂಪು. ಆ ಬೋರ್ಡು ಏರಿದ ಅಂಗಡಿಗೆ ಇಡೀ ಬೀದಿ ನುಗ್ಗುವುದನ್ನು ಅವನು ಬೀದಿಯಲ್ಲಿ ನಿಂತು ಎಷ್ಟೋ ಸಲ ನೋಡಿದ್ದ. ಸಾಯುವವರನ್ನು ನೋಡಲು ಬರುವ ಹಾಗೆ ಬರುತ್ತಾರೆ, ಕೈತುಂಬ ಹೊತ್ತುಕೊಂಡು ಹೋಗುತ್ತಾರೆ. ಡ್ರಾಯರುಗಳು ಒಂದು ವಾರದಲ್ಲಿ ಬರಿದಾಗುತ್ತವೆ. ಅವಳೂ.

"ಕ್ಲೋಸಿಂಗ್ ಡೌನ್ ಬೇಡ ಮೇಡಂ" ಎಂದ. ಧ್ವನಿ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಅದನ್ನು ಓದಿದರೆ ಜನ ಅಂಗಡಿಯವರ ಕಷ್ಟ ನೋಡಿ ಇನ್ನೂ ಚೌಕಾಸಿ ಮಾಡುತ್ತಾರೆ ಎಂದ. ಕ್ಲಿಯರೆನ್ಸ್ ಅಂದರೆ ಹಳೇ ಕಸ ಅಂದುಕೊಳ್ಳುತ್ತಾರೆ. ಸೇಲ್‌ಗೆ ಅಪ್ಪನವರು ಬಾಯಲ್ಲಿ ಒಪ್ಪಿದರೂ ಮನಸ್ಸಿಗೆ ನೋವಾಗುತ್ತದೆ. ಹೇಳುತ್ತಾ ಹೋದಂತೆ ಅವನ ನಾಲಿಗೆಗೆ ಹುರುಪು ಬಂತು. ಕಾಸ್ಟ್ ಅಂದರೆ ಬಿಲ್ಲು ನೆನಪಾಗುತ್ತದೆ, ವ್ಯಾಲ್ಯೂ ಅಂದರೆ ಭಾಷಣದ ಹಾಗಿರುತ್ತದೆ, ಪ್ರೈಸ್ ಅಂದರೆ ನೆಟ್ಟಗೆ ಮುಖ ನೋಡಿ ಹೇಳಿದ ಹಾಗೆ. ಅದಕ್ಕೆ ಮುಂದೊಂದು ಸ್ಪೆಷಲ್ ಸೇರಿಸಿದರೆ ಮುಗಿಯಿತು. ಸ್ಪೆಷಲ್ ಪ್ರೈಸ್. ತಿಳಿನೀಲಿ.

ಆ ಎರಡು ಪದ ಯಾರನ್ನೂ ಎಲ್ಲಿಗೂ ಕರೆಯುವುದಿಲ್ಲ. ಪ್ರತಿ ಅಂಗಡಿಯ ಬಾಗಿಲಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ಅದಕ್ಕೇ ಆರಿಸಿದ್ದ.

ಅವಳು ಅವನನ್ನೇ ನೋಡಿದಳು. ಕಣ್ಣ ರೆಪ್ಪೆ ಬಡಿಯದೆ, ತಲೆ ಸ್ವಲ್ಪ ವಾಲಿಸಿ, ಗಿರಾಕಿಯ ಶರ್ಟಿಗೆ ಯಾವ ಗುಂಡಿ ಹೊಂದುತ್ತದೆ ಎಂದು ನೋಡುವ ಹಾಗೆ. "ನಿಮಗೆ ಖಾತ್ರಿನಾ?"

"ನಾನು ಬರೆದ ಮೇಲೆ ಅದಕ್ಕೆ ಎದುರು ಮಾತಿಲ್ಲ ಮೇಡಂ. ಬರೆಯೋದು ಕೈ, ಮಾತಾಡೋದು ಬೋರ್ಡು."

ಅವಳು ನಕ್ಕುಬಿಟ್ಟಳು. ಆ ನಗುವಿನಲ್ಲಿ ಒಂದು ಚೂರು ಅನುಮಾನ ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆ ನಂತರದ ದಿನಗಳು, ಸಿನಿಮಾದಲ್ಲಾದರೆ, ಒಂದೇ ಹಾಡಿನಲ್ಲಿ ಮುಗಿಯುತ್ತವೆ. ಅವನು ದಿನವೂ ಒಂದು ನೆಪ ಹಿಡಿದು ಅಂಗಡಿಗೆ ಹೋಗುತ್ತಿದ್ದ. ಅಕ್ಕನಿಗೆ ಗುಂಡಿ ಬೇಕು, ಹುಕ್ಕು ಬೇಕು, ಬೂದು ಬಣ್ಣದ ದಾರ ಬೇಕು, ಅಲ್ಲ ಇಷ್ಟು ಬೂದು ಅಲ್ಲ. ಮನೆಯಲ್ಲಿ ಶರ್ಟಿಗಿಂತ ಗುಂಡಿ ಜಾಸ್ತಿಯಾಯಿತು ಎಂದು ಅಕ್ಕ ಬೈದಳು. ಅಂಗಡಿಯಲ್ಲಿ ಅವಳು ಡ್ರಾಯರು ಎಳೆದು ಮುಂದಿಟ್ಟರೆ ಇಬ್ಬರ ಬೆರಳೂ ಅದರಲ್ಲಿ ಮುಳುಗುತ್ತಿದ್ದವು. ಚಿಪ್ಪಿನದು, ಮರದ್ದು, ಗಾಜಿನದು. ತಣ್ಣಗಿನ ಗುಂಡಿಗಳ ನಡುವೆ ಒಂದು ಬೆಚ್ಚಗಿನ ಬೆರಳು ಸಿಕ್ಕರೆ ಇಬ್ಬರೂ ಗಮನಿಸದ ಹಾಗೆ ಇನ್ನಷ್ಟು ಹುಡುಕುತ್ತಿದ್ದರು.

ಒಂದು ದಿನ ಅವನ ಶರ್ಟಿನ ಎದೆಯ ಮೇಲಿನ ಗುಂಡಿ ಇರಲಿಲ್ಲ. ಮನೆಯಿಂದ ಹೊರಡುವಾಗ ಅವನೇ ಕಿತ್ತಿದ್ದ, ಅಂಥ ಕಿಲಾಡಿ. ಅವಳು ಮಾತಾಡದೆ ಕಾಲರಿನಿಂದ ಸೂಜಿ ತೆಗೆದಳು, ದಾರ ಪೋಣಿಸಿದಳು, ಅಲುಗಾಡಬೇಡಿ ಎಂದಳು. ಅವನು ಉಸಿರನ್ನೂ ನಿಲ್ಲಿಸಿದ. ಅವಳ ತಲೆ ಅವನ ಗದ್ದದ ಕೆಳಗಿತ್ತು. ಕೊನೆಗೆ ದಾರ ಕಚ್ಚಲು ಅವಳು ಬಾಗಿದಾಗ ಹಲ್ಲಿನ ಸಣ್ಣ ಸದ್ದು ಅವನಿಗೆ ಕಿವಿಯಲ್ಲಿ ಕೇಳಲಿಲ್ಲ, ಎದೆಯಲ್ಲಿ ಕೇಳಿತು.

ಗುಂಡಿ ಒಂಚೂರು ಬೇರೆ ಬಣ್ಣದ್ದು ಎಂದಳು. ಇದ್ದಿದ್ದರಲ್ಲಿ ಚೆನ್ನಾಗಿರೋದು ಹಾಕಿದೀನಿ ಎಂದಳು.

ಆ ಕ್ಷಣದಲ್ಲಿ ಹೇಳಬಹುದಿತ್ತು. ಎಲ್ಲ ಹೇಳಬಹುದಿತ್ತು. ಆದರೆ ಅವಳ ತಲೆಯ ಮೇಲಿಂದ ಅವನಿಗೆ ಅವಳ ಅಪ್ಪ ಕಂಡರು. ಮುದುಕರು ಸ್ಟೂಲಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಗಾಜಿನಾಚೆ ಜನ ಹೋಗುತ್ತಿದ್ದರು, ಬೋರ್ಡಿನ ಮೇಲೆ ಕಣ್ಣಾಡಿಸಿ, ನಿಲ್ಲದೆ. ಪ್ರತಿಯೊಬ್ಬರು ಹತ್ತಿರ ಬಂದಾಗಲೂ ಮುದುಕರು ಏಳಲು ಮಂಡಿಗೆ ಕೈ ಊರುತ್ತಿದ್ದರು. ಪ್ರತಿಯೊಬ್ಬರು ದಾಟಿದಾಗಲೂ ಕೈ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಪೇಂಟರ್ ಕಣ್ಣನ್ನು ಹೊಸ ಗುಂಡಿಗೆ ಇಳಿಸಿದ. ಇನ್ನೊಂದು ದಿನ, ಇನ್ನೊಂದೇ ದಿನ ಎಂದುಕೊಂಡ.

ಇನ್ನೊಂದು ದಿನ ಹೋದಾಗ ಬಾಗಿಲಲ್ಲಿ ಗಾಡಿ ನಿಂತಿತ್ತು.

ಹೋಲ್‌ಸೇಲ್‌ನವನು ಬಂದಿದ್ದ. ಅವನಿಗೆ ಆಫರೂ ಬೇಕಿಲ್ಲ, ಡಿಸ್ಕೌಂಟೂ ಬೇಕಿಲ್ಲ. ಎಲ್ಲ ಸೇರಿ ಪುಡಿಗಾಸಿಗೆ ಒಂದು ಮಾತು, ಒಪ್ಪಿದರೆ ಒಪ್ಪಿ. ಕಟ್ಟಡದವನು ಹೇಳಿದ ಗಡುವು ಹತ್ತಿರ ಬಂದಿತ್ತು, ಗೋಡೆ ತುಂಬ ಸರಕು ಹಾಗೇ ಇತ್ತು, ಅಪ್ಪ ಒಪ್ಪಿದ್ದರು. ಆಳುಗಳು ಡ್ರಾಯರುಗಳನ್ನು ಎಳೆದು ಎಳೆದು ಗೋಣಿಚೀಲಕ್ಕೆ ಸುರಿಯುತ್ತಿದ್ದರು. ಚಿಪ್ಪಿನದು, ಮರದ್ದು, ಗಾಜಿನದು, ಎಲ್ಲ ಒಟ್ಟಿಗೆ. ಅಷ್ಟು ವರ್ಷ ಬೇರೆ ಬೇರೆಯಾಗಿಟ್ಟಿದ್ದನ್ನು ಒಂದು ಕ್ಷಣದಲ್ಲಿ ಬೆರೆಸುವ ಆ ಸದ್ದನ್ನು ಮುದುಕರು ಗೋಡೆ ಕಡೆ ತಿರುಗಿ ಕೇಳುತ್ತಿದ್ದರು.

ಅವಳು ಹೊರಗೆ ಬಂದಳು. ಕುತ್ತಿಗೆಯಲ್ಲಿ ಟೇಪು ಇರಲಿಲ್ಲ. ಕಾಲರಿನಲ್ಲಿ ಸೂಜಿಯೂ ಇರಲಿಲ್ಲ. ಹಲಗೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದಳು. ನಿಮ್ಮದಲ್ವಾ, ಮರೆತುಬಿಟ್ಟರೆ ಎಂದು ಕೊಟ್ಟಳು. ಅವನು ತಗೊಂಡ.

"ನಿಮಗೊಂದು ವಿಷಯ ಹೇಳ್ತೀನಿ ಅಂದಿದ್ನಲ್ಲ. ಈಗ ಹೇಳಿದ್ರೂ ನಡೆಯುತ್ತೆ." ಅವಳು ಎದುರು ಕಟ್ಟಡದ ಮೆಟ್ಟಿಲ ಕಡೆ ಗದ್ದ ತೋರಿಸಿದಳು. ಮೆಟ್ಟಿಲ ಕೆಳಗೆ ಒಂದು ಗೂಡು, ಅರ್ಧ ಶಟರ್ ಎಳೆದಿತ್ತು. "ಆ ಜಾಗ ಕೇಳಿಟ್ಟಿದ್ದೆ. ಲೇಸು, ಜಿಪ್ಪು ಎಲ್ಲ ಮಾರಿಬಿಟ್ರೆ ಅದರ ಮುಂಗಡಕ್ಕಾಗ್ತಿತ್ತು. ಬರೀ ಗುಂಡಿ ಇಟ್ಕೊಂಡು ನಾನೇ ಕೂತ್ಕೊಳ್ಳೋಣ ಅಂತ. ಅಪ್ಪಾನೂ ಒಪ್ಪಿದ್ರು. ಊರು ಬಿಡೋದೇ ಬೇಡ ಅಂತ."

ಅವನು ಆ ಅರ್ಧ ಶಟರನ್ನು ನೋಡಿದ, ಕೈಯಲ್ಲಿದ್ದ ಹಲಗೆಯನ್ನು ನೋಡಿದ.

"ಅದರ ಬೋರ್ಡು ನಿಮ್ಮ ಹತ್ರ ಬರೆಸ್ಬೇಕು ಅಂತಿದ್ದೆ. ಯಾವ ಪದ ಅಂತ ನೀವೇ ಹೇಳ್ತಿದ್ರಿ." ಅವಳು ಅವನ ಶರ್ಟಿನ ಗುಂಡಿಯನ್ನು ನೋಡಿದಳು, ಮುಖ ನೋಡಲಿಲ್ಲ. "ಅದಕ್ಕೇ ಆದ್ಮೇಲೆ ಹೇಳ್ತೀನಿ ಅಂದಿದ್ದು. ಆ ಗೂಡಲ್ಲಿ ಕೂತು ಹೇಳೋಣ ಅಂತ. ಹೇಳೋದು ಇನ್ನೂ ಒಂದಿತ್ತು. ಬಿಡಿ ಈಗ."

ಅವನು ಹೇಗೋ ಅಂದ, ಬೋರ್ಡು, ಆ ಬೋರ್ಡು ನಾನು...

"ಅಯ್ಯೋ, ನಿಮ್ಮ ತಪ್ಪೇನಿದೆ. ಅಷ್ಟು ಚೆನ್ನಾಗಿ ಬರೆದಿದ್ರಿ. ಜನಾನೇ ಬರಲಿಲ್ಲ."

ಒಳಗಿನಿಂದ ಅಪ್ಪ ಕರೆದರು. ಅವಳು ಹೋದಳು.

ಈಗ ಬರುತ್ತದೆ ನೋಡಿ, ನಾನು ಹೇಳಿದ್ದ ಕ್ಲೈಮ್ಯಾಕ್ಸ್. ಬಸ್ ಸ್ಟ್ಯಾಂಡ್. ಸಂಜೆಯ ಬಿಸಿಲು, ಬಸ್ಸಿನ ಎಂಜಿನ್ ಆಗಲೇ ಗುರುಗುಡುತ್ತಿದೆ, ಕಿಟಕಿಯಲ್ಲಿ ಅವಳು. ಪೇಂಟರ್ ಓಡಿ ಬರುತ್ತಾನೆ, ಕೈಯಲ್ಲಿ ಹಲಗೆ. ಬಸ್ಸಿಗೆ ಅಡ್ಡ ನಿಂತು ಅದನ್ನು ಎತ್ತಿ ಹಿಡಿಯುತ್ತಾನೆ. ಹಳದಿಯ ಮೇಲೆ ಕೆಂಪು, ಮೊಳದುದ್ದದ ಅಕ್ಷರಗಳಲ್ಲಿ ಅವನ ತಪ್ಪು, ಅವನ ಪ್ರೀತಿ, ಎಲ್ಲ. ಡ್ರೈವರ್ ಬ್ರೇಕ್ ಒತ್ತುತ್ತಾನೆ. ಅವಳು ಇಳಿಯುತ್ತಾಳೆ. ಬಯ್ಯುತ್ತಾಳೆ, ಎದೆಗೆ ಗುದ್ದುತ್ತಾಳೆ, ಆ ಬೇರೆ ಬಣ್ಣದ ಗುಂಡಿಯ ಮೇಲೆಯೇ. ಆಮೇಲೆ ಅಲ್ಲಿಯೇ ತಲೆ ಇಡುತ್ತಾಳೆ. ಅವಳ ಅಪ್ಪ ಕಿಟಕಿಯಿಂದ ಬೋರ್ಡು ಓದಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಚೆನ್ನಾಗಿದೆ ಅಲ್ವಾ? ಆ ಸೀನ್ ನಾನು ಕಟ್ಟಿದ್ದು. ಬಸ್ ಸ್ಟ್ಯಾಂಡಿಗೆ ಯಾರೂ ಓಡಲಿಲ್ಲ. ನಡೆದದ್ದು ಬೇರೆ, ಹೇಳಿಬಿಡುತ್ತೇನೆ.

ಅವಳು ಹೊರಟ ಸಂಜೆ ಪೇಂಟರ್ ವರ್ಕ್‌ಶಾಪಿನಲ್ಲೇ ಇದ್ದ. ಎಷ್ಟು ಹೊತ್ತಿಗೆ ಬಸ್ಸು ಎಂದು ಗೊತ್ತಿತ್ತು, ಸ್ಟ್ಯಾಂಡು ಎಲ್ಲಿದೆ ಎಂದು ಗೊತ್ತಿತ್ತು, ಚಪ್ಪಲಿಯನ್ನೂ ಹಾಕಿಕೊಂಡಿದ್ದ. ಏನೆಂದು ಹೇಳುವುದು? ನೀವು ಹೋಗಬಾರದು ಅಂತ ನಾನೇ ನಿಮ್ಮನ್ನು ಕಳಿಸಿದೆ ಅಂತಲಾ? ಅವನ ಹತ್ತಿರ ಇದ್ದ ಡೈಲಾಗುಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ಅಕ್ಕ ಬಂದು ಬಾಗಿಲಲ್ಲಿ ನಿಂತಳು, ಅವನ ಮುಖ ನೋಡಿದಳು, ಬೈಯಲಿಲ್ಲ. ಟೀ ಇಟ್ಟು ಹೋದಳು. ಬಸ್ಸಿನ ಹೊತ್ತು ಬಂತು, ಹೋಯಿತು.

ಫೋನ್ ಅಂಗಡಿಯವರು ಅಷ್ಟರಲ್ಲಿ ಬೋರ್ಡಿಗೆ ಹೇಳಿಕಳಿಸಿದ್ದರು. ಬೇರೆ ಹಲಗೆ ಖಾಲಿ ಇರಲಿಲ್ಲ.

ಅವಳು ಒರೆಸಿ ಕೊಟ್ಟ ಹಲಗೆಯನ್ನು ಅವನು ಮುಂದಿಟ್ಟುಕೊಂಡ. ಅಗಲದ ಬ್ರಷ್ಷು ತಗೊಂಡು ನಿಧಾನಕ್ಕೆ ಬಿಳಿ ಬಳಿದ, ಒಣಗುವ ತನಕ ಎದುರಿಗೆ ಕೂತು ಕಾದ. ಒಳಗಿಂದ ಏನಾದರೂ ಇಣುಕುತ್ತದೋ ಎಂದು ನೋಡಿದ. ಬಲ್ಬಿನ ಹತ್ತಿರ ಹಿಡಿದು ನೋಡಿದ, ಓರೆಯಾಗಿಸಿ ನೋಡಿದ. ಕೆಂಪಾಗಿದ್ದರೆ ಎಷ್ಟು ಕೋಟು ಹಾಕಿದರೂ ಬರುತ್ತಿತ್ತು. ತಿಳಿನೀಲಿ, ಒಂದೇ ಕೋಟಿಗೆ ಮುಚ್ಚಿಹೋಗಿತ್ತು. ಅಲ್ಲಿ ಏನಾದರೂ ಬರೆದಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ.

ಬೆಳಿಗ್ಗೆ ಹಳದಿ ಬಳಿದು ಅದರ ಮೇಲೆ ‘ಗ್ರ್ಯಾಂಡ್ ಓಪನಿಂಗ್’ ಎಂದು ಬರೆದ. ಕೆಂಪಿನಲ್ಲಿ ಬರೆದ. ಏಣಿ ಹತ್ತಿ, ಅದೇ ಬಾಗಿಲ ಮೇಲೆ, ಅದೇ ಮೊಳೆಗೆ ನೇತುಹಾಕಿದ.

ಜನ ಬಂದರು.